ವೈರಾಣುವಿನ ವಂಶಾವಳಿ ಬರೆದವರಿಗೆ

ಹೆಪಟೈಟಿಸ್ ಬಿ ವೈವಿಧ್ಯ ಸಮೀಕ್ಷೆಯ ಮುಖ್ಯಸ್ಥರೇ,

ಮಾನ್ಯರೇ ಎನ್ನಲು ಮನಸ್ಸು ಬರುತ್ತಿಲ್ಲ. ಆದರೂ ಪದ್ಧತಿ ಬಿಡಬಾರದಲ್ಲ, ಮಾನ್ಯರೇ. ನನ್ನ ತಂಗಿಯ ರಕ್ತದಲ್ಲಿ ಹೆಪಟೈಟಿಸ್ ಬಿ ಇರುವುದನ್ನು ಅವಳ ಹೆರಿಗೆಗೆ ಮೊದಲೇ ನಿಮ್ಮ ಕೇಂದ್ರ ಕಂಡುಹಿಡಿದಿತ್ತು. ನೀವು ಬಾಯಿ ಬಿಡಲಿಲ್ಲ. ಈಗ ಅದು ಅವಳ ಮಗನ ಪಿತ್ತಜನಕಾಂಗದಲ್ಲೂ ಬೀಡುಬಿಟ್ಟಿದೆ. ಇದೇ ನನ್ನ ದೂರು.

ನಡೆದದ್ದನ್ನು ಹೇಳುತ್ತೇನೆ. ತಂಗಿಗೆ ಆಗ ಏಳು ತಿಂಗಳು. ಹೆರಿಗೆ ಆಸ್ಪತ್ರೆಯ ವರಾಂಡದಲ್ಲಿ ನಿಮ್ಮವರು ಮೇಜು ಹಾಕಿದ್ದರು. "ದೇಶಕ್ಕೋಸ್ಕರ ಒಂದು ಟ್ಯೂಬ್ ರಕ್ತ ಕೊಡಿ ಅಮ್ಮ, ಏನೂ ಆಗಲ್ಲ" ಎಂದ ಹುಡುಗ, ಸೂಜಿ ತೆಗೆದ ಮೇಲೆ ಅವಳ ಕಾರ್ಡಿಗೆ 'ರಕ್ತ ಪಡೆಯಲಾಗಿದೆ' ಎಂದು ನೀಲಿ ಮುದ್ರೆ ಒತ್ತಿದ. ಒಬ್ಬಳನ್ನೇ ಎರಡು ಸಲ ಚುಚ್ಚಿ ನಿಮ್ಮ ಸಮೀಕ್ಷೆ ಕೆಡಬಾರದು ನೋಡಿ! ಮುಂದಿನ ಸಲ ಹೋದಾಗ ವಾರ್ಡಿನ ನರ್ಸಮ್ಮ ಆ ಮುದ್ರೆ ನೋಡಿ, "ಆಗಲೇ ತಗೊಂಡಿದಾರಲ್ಲ, ಮತ್ತೆ ಯಾಕೆ ಚುಚ್ಚೋದು? ಏನಾದ್ರೂ ಇದ್ರೆ ಅವರೇ ಹೇಳ್ತಾರೆ ಬಿಡು" ಎಂದು ಆಸ್ಪತ್ರೆಯ ಪರೀಕ್ಷೆಯನ್ನೇ ಕೈಬಿಟ್ಟರು. ತಾಯಿಗೆ ಸೋಂಕಿದೆ ಎಂದು ಗೊತ್ತಿದ್ದರೆ ಆ ವಾರ್ಡಿನಲ್ಲಿ ಮಗು ಹುಟ್ಟಿದ ದಿನವೇ ಸೋಂಕು ತಡೆಯುವ ಚುಚ್ಚುಮದ್ದು ಹಾಕುತ್ತಾರೆ. ಗೊತ್ತಿರಲಿಲ್ಲ, ಹಾಕಲಿಲ್ಲ. ಮೂರು ವರ್ಷದ ಮೇಲೆ ಹರ್ನಿಯಾ ಆಪರೇಷನ್ನಿಗೆಂದು ಮಗುವಿನ ರಕ್ತ ನೋಡಿದಾಗ ಎಲ್ಲ ಬಯಲಾಯಿತು.

"ಇದನ್ನ ಯಾರಿಂದ ತಂದೆ, ಹೇಳು" ಎಂದು ಅವಳ ಅತ್ತೆ ನಡುಮನೆಯಲ್ಲಿ ಎಲ್ಲರೆದುರು ಕೇಳಿದರು. ಗಂಡನೆಂಬವನು ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಬಂದದ್ದು ನಮ್ಮಮ್ಮನಿಂದಲೇ ಇರಬೇಕು. ಆಕೆ ಪಿತ್ತಜನಕಾಂಗ ಕೆಟ್ಟು, ಹೊಟ್ಟೆ ಊದಿಕೊಂಡು ತೀರಿಕೊಂಡಳು. ಆದರೆ ಸತ್ತವಳನ್ನು ಸಾಕ್ಷಿಗೆ ಕರೆಯುವುದು ಹೇಗೆ? ಈಗ ಮಗುವಿಗೆ ತಟ್ಟೆ ಬೇರೆ, ಲೋಟ ಬೇರೆ. ತಟ್ಟೆ ಲೋಟದಿಂದ ಇದು ಹರಡುವುದಿಲ್ಲ ಎಂದು ನಿಮಗೆ ಗೊತ್ತು, ಹೇಳಲು ಪುರುಸೊತ್ತೆಲ್ಲಿ? ಆ ಕೂಸು ನೀರಿಗೆ ಕೈ ಚಾಚುವ ಮೊದಲು "ಇದು ನಂದಾ?" ಎಂದು ಕೇಳುತ್ತದೆ. ಕೇಳಿದಾಗೆಲ್ಲ ನಿಮಗೆ ಶಾಪ ಹಾಕುತ್ತೇನೆ, ಮುಚ್ಚಿಡುವುದಿಲ್ಲ.

ಹೊಲಿಗೆ ಅಂಗಡಿಗೆ ಬಾಗಿಲು ಹಾಕಿ ನಿಮ್ಮ ಕೇಂದ್ರಕ್ಕೂ ಬಂದೆ. ಗೋಡೆಯ ತುಂಬ ವೈರಾಣುವಿನ ವಂಶವೃಕ್ಷ! ಯಾವ ಕವಲು ಯಾವ ಗಡಿ ದಾಟಿ ಬಂತು, ಯಾರ ದಾಯಾದಿ ಯಾರು, ಎಲ್ಲ ಬಣ್ಣಬಣ್ಣದಲ್ಲಿ. ನಮ್ಮ ಮುತ್ತಜ್ಜನ ಹೆಸರು ನಮಗೇ ತಿಳಿಯದು. ನಮ್ಮೊಳಗಿನ ಪೀಡೆಯ ಮುತ್ತಜ್ಜನನ್ನು ನೀವು ಪತ್ತೆಹಚ್ಚಿದ್ದೀರಿ. ಅದು ಕೂತ ಮೈ ಯಾರದೆಂದು ಮಾತ್ರ ಪತ್ತೆಯಿಲ್ಲ. "ಟ್ಯೂಬೆಲ್ಲ ವಾರದೊಳಗೇ ಪರೀಕ್ಷೆ ಆಗಿತ್ತಮ್ಮ. ಆ ಆಸ್ಪತ್ರೆಯಿಂದ ಸೋಂಕಿರೋವು ಹನ್ನೊಂದು ಸಿಕ್ತು. ಯಾರದು ಅಂತ ಗೊತ್ತಾಗಲ್ಲ, ಹೆಸರು ತೆಗೆದುಬಿಡ್ತೀವಿ, ನಿಮ್ಮ ಮರ್ಯಾದೆ ಕಾಪಾಡೋಕೆ" ಎಂದರು ನಿಮ್ಮ ಅಧಿಕಾರಿ. ಎಂಥ ಕಾಳಜಿ! ಅವಳ ಗುಟ್ಟನ್ನು ಅವಳಿಗೇ ತಿಳಿಯದಂತೆ ಕಾಪಾಡಿದಿರಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದರೆ ಇದೇ ಇರಬೇಕು.

ತಾಯಿ, ಮಗು ಇಬ್ಬರಿಗೂ ಇದೆ ಎಂದಾಗ ಆ ಅಧಿಕಾರಿಯ ಮುಖ ಅರಳಿತು. "ಹೌದಾ? ಇಂಥ ಜೋಡಿ ಸಿಗೋದೇ ಕಷ್ಟ. ದಾಟುವಾಗ ವೈರಸ್ ಹೇಗೆ ಬದಲಾಗುತ್ತೆ ಅಂತ ನೋಡ್ಬೇಕಿತ್ತು. ನಂಬರ್ ಕೊಡಿ" ಎಂದರು. ಹೆಸರು, ವಿಳಾಸ, ಫೋನು, ಎಲ್ಲ ಆಗ ಬೇಕಾಯಿತು! ವಾರ ಬಿಟ್ಟು, ಇಬ್ಬರ ರಕ್ತವೂ ಬೇಕೆಂದು ಫೋನೂ ಬಂತು. ತಂಗಿ ಕೇಳಿದ್ದು ಒಂದೇ: "ಈ ಸಲನಾದ್ರೂ ರಿಪೋರ್ಟ್ ನಮಗೆ ಕೊಡ್ತೀರಾ ಸಾರ್?" ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದವರು ಇನ್ನೂ ಕೇಳುತ್ತಲೇ ಇದ್ದಾರೆ.

ನನ್ನ ತಂಗಿಯ ಮಗನಿಗೆ ಆಗಬೇಕಾದದ್ದು ಆಗಿಹೋಯಿತು, ಅವನಿಗಾಗಿ ನಿಮ್ಮ ಬಳಿ ಏನೂ ಬೇಡುವುದಿಲ್ಲ. ಆದರೆ ಹನ್ನೊಂದರಲ್ಲಿ ಒಬ್ಬಳು ಕಳೆದರೆ ಹತ್ತು ಉಳಿಯುತ್ತದೆ, ಸ್ವಾಮಿ. ನೀಲಿ ಮುದ್ರೆ ಬಿದ್ದ ಎಲ್ಲ ಹೆಂಗಸರನ್ನೂ ಬಹಿರಂಗವಾಗಿ ಕರೆಸಿ ಮತ್ತೆ ಪರೀಕ್ಷಿಸಿ, ಉತ್ತರವನ್ನು ಅವರವರ ಕೈಗೇ ಕೊಡಿ. ನಿಮ್ಮ ಮುದ್ರೆಯನ್ನು ಪರೀಕ್ಷೆ ಎಂದು ನಂಬಬೇಡಿ ಎಂದು ಪ್ರತಿ ವಾರ್ಡಿಗೂ ಇವತ್ತೇ ತಿಳಿಸಿ. ಆ ಹತ್ತರಲ್ಲೊಬ್ಬಳು ಈ ಹೊತ್ತು ಎರಡನೇ ಹೆರಿಗೆಗೆ ಮಲಗಿರಬಹುದು. ಹುಟ್ಟುವ ಮಗುವಿಗೆ ಇರುವುದು ಒಂದೇ ದಿನ.

ಇಂತಿ,
ತನ್ನ ರಕ್ತ ಪರೀಕ್ಷಿಸಿಕೊಳ್ಳಲು ಇನ್ನೂ ಧೈರ್ಯ ಸಾಲದ,
ಆ ಮಗುವಿನ ದೊಡ್ಡಮ್ಮ