ಹಿತ್ತಲ ಕೋಣೆಯ ಮೂರು ದಿನ

ಬೇಲೂರು
೧೪ ಜುಲೈ ೨೦೨೪, ಭಾನುವಾರ

ಪ್ರೀತಿಯ ಹಿತಾ,

ನಿನ್ನ ಅಮ್ಮನ ಆಶೀರ್ವಾದ. ನೀನು ಮೈಸೂರಿನಿಂದ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ನಾನು ಫೋನ್ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನಿಮ್ಮಪ್ಪ ಸ್ಪೀಕರ್ ಹಾಕದೆ ಫೋನ್ ಕೊಡುವವರಲ್ಲ, ಈ ಮಾತು ಅವರ ಎದುರಿಗೆ ಆಡುವಂಥದ್ದಲ್ಲ. ಅದಕ್ಕೇ ಪತ್ರ. ತಡವಾಯಿತು ಅಂತ ಬೈಯಬೇಡ.

ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮಹದೇವಮ್ಮನವರು ಮೊನ್ನೆ ಬಂದಿದ್ದರು. ನೀನು ನಿನ್ನ ಸಂಶೋಧನೆಯ ಪರೀಕ್ಷೆಗೆ ಮಲ ತಂದುಕೊಡಿ ಅಂದಾಗ ಆ ಡಬ್ಬಿಯನ್ನು ಹೊಸ ಬ್ಲೌಸ್‌ಪೀಸಿನಲ್ಲಿ ಸುತ್ತಿ ಕೊಟ್ಟಿದ್ದರಲ್ಲ, ಅವರೇ. "ನಿಮ್ ಮಗ್ಳು ನನ್ ಹೊಟ್ಟೆಯೊಳಗೆ ಏನ್ ಕಂಡ್ಲಂತೆ?" ಅಂತ ಕೇಳಿದರು. ಹೊಟ್ಟೆಯೊಳಗಿನ ಜೀವಾಣುಗಳಿಗೂ ಮೂಳೆಯ ಗಟ್ಟಿತನಕ್ಕೂ ಏನು ನಂಟು, ಮುಟ್ಟು ನಿಲ್ಲುವ ಮೊದಲು ಹೇಗೆ, ನಿಂತ ಮೇಲೆ ಹೇಗೆ ಅಂತ ನೋಡುತ್ತಿದ್ದಾಳೆ ಅಂದೆ. "ನಂಟೋ ಗಂಟೋ, ನನ್ ಸೊಂಟ ನೋವು ಹೋದ್ರೆ ಸಾಕು ಕಣ್ರೀ" ಅಂದರು.

ಆಮೇಲೆ ಕಾಫಿ ಕುಡಿಯುತ್ತಾ ಇನ್ನೊಂದು ಮಾತು ಹೇಳಿದರು. "ನಮ್ಮಲ್ಲಿ ಮುಟ್ಟಾದ್ರೂ ಲಿಂಗಪೂಜೆ ಬಿಡಂಗಿಲ್ಲ, ಹೊರಗೆ ಕೂರೋದೂ ಇಲ್ಲ. ನಮ್ಮತ್ತೆ ಅದನ್ನ ಹೆಮ್ಮೆಯಿಂದ ಹೇಳೋರು. ನಂಗೆ ಮಾತ್ರ ನಿಮ್ಮೋರನ್ನ ಕಂಡ್ರೆ ಹೊಟ್ಟೆ ಉರಿಯೋದು, ಮೂರ್ ದಿನ ಕೂತ್ಕಂಡ್ ಉಣ್ತಾರಲ್ಲಾ ಅಂತ." ಹೇಳಿ ಗೊಳ್ಳನೆ ನಕ್ಕರು. ನನಗೆ ನಗು ಬರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. "ಅಮ್ಮ, ಮುಟ್ಟು ನಿಲ್ಲದವರ ಗುಂಪಲ್ಲಿ ನಿನ್ನ ಮೂಳೆಯೇ ಎಲ್ಲರಿಗಿಂತ ಸವೆದಿದೆ. ಐವತ್ತೊಂದಕ್ಕೆ ಹೀಗಾಗಬಾರದು. ಒಳಗೆ ಏನೋ ಕಾಯಿಲೆ ಇದೆ, ಬಾ, ಎಲ್ಲ ಟೆಸ್ಟ್ ಮಾಡಿಸೋಣ" ಅಂತ ಅವತ್ತು ಹೇಳಿದೆಯಲ್ಲ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನನಗಿರುವುದು ಕಾಯಿಲೆಯಲ್ಲ ಕಣೇ, ಸುಳ್ಳು. ನನಗೆ ಮುಟ್ಟು ನಿಂತು ಮೂರು ವರ್ಷವಾಯಿತು.

ನಿಂತರೂ ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂರುವುದನ್ನು ನಾನು ಬಿಡಲಿಲ್ಲ. ಬೆಳಗಿನ ಜಾವ ಏಳಬೇಕು, ಮಡಿನೀರು, ನೈವೇದ್ಯ, ಪಾರಾಯಣಕ್ಕೆ ಹೊರಡುವ ನಿಮ್ಮಪ್ಪನ ತಿಂಡಿ, ಬಂದವರು ಹೋದವರು. ಮೂವತ್ತು ವರ್ಷದಲ್ಲಿ ಈ ಮನೆಯಲ್ಲಿ ಯಾರೂ "ಸಾಕು, ಕೂತ್ಕೋ" ಅಂದವರಿಲ್ಲ. ಅಂದದ್ದು ಮುಟ್ಟು ಒಂದೇ. ಆ ಮೂರು ದಿನ ನಿಮ್ಮಪ್ಪ ಸಾರು ಮಾಡಿ, ಉಪ್ಪು ಸುರಿದು, ತಟ್ಟೆಯನ್ನು ಹೊಸ್ತಿಲ ಹತ್ತಿರ ಇಡುತ್ತಿದ್ದರು. ಉಂಡು, ಹಿತ್ತಲ ನುಗ್ಗೆಮರ ನೋಡುತ್ತಾ ಹಾಗೇ ನಿದ್ದೆ ಹೋಗುತ್ತಿದ್ದೆ.

ಮುಟ್ಟು ನಿಲ್ಲುವ ಕಾಲಕ್ಕೇ ಮೈ ಕಾವೇರುವುದು, ಕೀಲು ಹಿಡಿಯುವುದು, ರಾತ್ರಿ ಕಣ್ಣು ಮುಚ್ಚದಿರುವುದು ಎಲ್ಲ ಶುರುವಾಯಿತು. ವಿಶ್ರಾಂತಿ ಬೇಕಾದಾಗಲೇ ಅದೂ ತಪ್ಪಿಹೋಯಿತಲ್ಲ ಅಂತ ಅಳು ಬಂತು. ಕ್ಯಾಲೆಂಡರ್ ನೋಡಿ ಇಪ್ಪತ್ತೆಂಟು ದಿನಕ್ಕೊಮ್ಮೆ ಹೋಗಿ ಕೂತೆ. ಉಪ್ಪಿನಕಾಯಿ ಹಾಕುವ ವಾರ ಬಂದರೆ ಎರಡು ದಿನ ಮುಂದೆ ಹಾಕಿಕೊಂಡೆ, ಅಷ್ಟಾದರೂ ನಿಯತ್ತು ಇತ್ತು.

ನೀನು ಫಾರಂ ತುಂಬುವಾಗ ನಿಮ್ಮಪ್ಪ ಜಗಲಿಯಲ್ಲೇ ಪೇಪರ್ ಓದುತ್ತಿದ್ದರು. ಕೊನೆಯ ಮುಟ್ಟು ಯಾವಾಗ ಅಂತ ನೀನು ಕಾಗದ ನೋಡಿಕೊಂಡೇ ಕೇಳಿದೆ. ಆ ವಿಷಯದಲ್ಲಿ ನಾವಿಬ್ಬರೂ ಮುಖ ಕೊಟ್ಟು ಮಾತಾಡಿ ಹದಿನಾಲ್ಕು ವರ್ಷವಾಯಿತಲ್ಲ. ಕ್ಯಾಲೆಂಡರಿನ ತಾರೀಕನ್ನೇ ಹೇಳಿಬಿಟ್ಟೆ. "ಅಬ್ಬ, ನಿನ್ನಷ್ಟು ಕ್ರಮವಾಗಿ ಯಾರಿಗೂ ಇಲ್ಲಮ್ಮ" ಅಂತ ಹೊಗಳಿದೆ ಬೇರೆ.

ದೇವರಿಗೇನೂ ಮೋಸ ಮಾಡಿಲ್ಲ ಕಣೇ. ಮಡಿಯಲ್ಲಿದ್ದೂ ಹೊರಗೆ ಕೂತೆ, ಅಷ್ಟೇ. ಮೋಸವಾದದ್ದು ನಿನ್ನ ಕೆಲಸಕ್ಕೆ. ಹಳೇಬೀಡಿನ ಹೆಂಗಸರು ಬಸ್ ಹತ್ತಿ ಬಂದು, ನಾಚಿಕೆ ಬಿಟ್ಟು ನಿಜ ಹೇಳಿದರು, ಹೆತ್ತವಳು ನಾನು ಸುಳ್ಳು ಹೇಳಿದೆ. ನನ್ನ ಹೆಸರನ್ನು ನಿಂತವರ ಪಟ್ಟಿಗೆ ಹಾಕು, ಆಗದಿದ್ದರೆ ಕಿತ್ತುಹಾಕು. ಮೂಳೆ ಸವೆದಿರುವುದಂತೂ ನಿಜ, ಡಾಕ್ಟರ ಹತ್ತಿರ ನೀನು ಕರೆದಾಗ ಬರುತ್ತೇನೆ.

ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ. ಇನ್ನು ಮುಂದೆ ಕೂರುವುದಾದರೆ "ನನಗೆ ಸಾಕಾಗಿದೆ ರೀ" ಅಂತ ಹೇಳಿಯೇ ಕೂರುತ್ತೇನೆ. ಸಾರಿಗೆ ಉಪ್ಪು ಹೆಚ್ಚಾದರೂ ಸರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಿಡಿದ ಕೆಲಸ ಕೈಗೂಡಲಿ. ನಿನಗೆ ದಣಿವಾದಾಗ "ಕೂತ್ಕೋ" ಅನ್ನುವವರು ಜೊತೆಗಿರಲಿ.

ನಿನ್ನ ಅಮ್ಮ,
ಯದುಗಿರಿ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ನಿನಗೆ ಹದಿನೈದಾಗಿದ್ದಾಗ, ಮುಟ್ಟಿನ ಎರಡನೇ ದಿನ ನೆಟ್ಟಗೆ ಅಡುಗೆಮನೆಗೆ ನುಗ್ಗಿ, "ನಾನೂ ಕೂರಲ್ಲ, ನೀನೂ ಕೂರಬೇಡಮ್ಮ. ಇವತ್ತಿಂದ ಈ ಪದ್ಧತಿ ಬಂದ್" ಅಂದೆ. ನಾನು ನಿನ್ನ ಕೆನ್ನೆಗೆ ಹೊಡೆದೆ. ಜೀವಮಾನದಲ್ಲಿ ಅದೊಂದೇ ಸಲ. ದೇವರಿಗೆ ಹೆದರಿ ಹೊಡೆದೆ, ಆಗಿನ್ನೂ ಇದ್ದ ನಿನ್ನ ಅಜ್ಜಿಗೆ ಹೆದರಿ ಹೊಡೆದೆ ಅಂತ ನೀನು ಇಷ್ಟು ವರ್ಷ ತಿಳಿದಿದ್ದೀಯ. ಅಲ್ಲ ಮಗಳೇ. ನೀನು ಗೆದ್ದುಬಿಟ್ಟರೆ ನನ್ನ ಮೂರು ದಿನವೂ ಹೋಗುತ್ತಲ್ಲ ಅಂತ ಹೊಡೆದೆ.