ಮೂರು ತಟ್ಟೆಗಳ ಹೊಳಪು

ಜನವರಿ 9, ಬೆಳಿಗ್ಗೆ

ಮತ್ತೆ ಅದೇ ಕಪ್ಪು-ಬಿಳುಪು. ರಾಡಾರ್ ಉಪಗ್ರಹಕ್ಕೆ ಮೋಡವೂ ಒಂದೇ, ಕತ್ತಲೂ ಒಂದೇ. ಎಲ್ಲವನ್ನೂ ದಾಟಿ ನೋಡುತ್ತದೆ. ನೋಡಿದ್ದನ್ನು ಓದುವುದು ನನ್ನ ಕೆಲಸ. ನೀರು ಕಪ್ಪು, ಲೋಹ ಬಿಳಿ. ಗಡಿಯಾಚೆ ಹೊಸ ಹೊಳಪು ಕಂಡರೆ ರಿಪೋರ್ಟ್. ರಿಪೋರ್ಟ್ ಕೊಟ್ಟ ಕೂಡಲೇ ಬಾಸ್ “ತಡಿ” ಅನ್ನುತ್ತಾರೆ. ಅದಕ್ಕೇ ಅವರು ‘ತಡಿ ಸಾರ್’. ಮನೆಗೆ ಬೆಂಕಿ ಬಿದ್ದರೂ ಮೊದಲು ಟೀ ಮುಗಿಸುವ ಆಸಾಮಿ. ಇವರ ನಿಧಾನ ಒಂದು ದಿನ ನನ್ನ ತಲೆ ಕೆಡಿಸುತ್ತದೆ.

ಜನವರಿ 11

ತಮ್ಮನ ಸೇನಾ ತುಕಡಿಯಿಂದ ಫೋನ್. ಗಸ್ತಿಗೆ ಹೋದವರು ಹಿಮ ಕುಸಿದು ಗಡಿಯ ಬೆಟ್ಟದ ಮೇಲೆಲ್ಲೋ ಸಿಕ್ಕಿಬಿದ್ದಿದ್ದಾರೆ. ಅವನೂ ಇದ್ದಾನೆ. ರೇಡಿಯೋ ಸತ್ತಿದೆ. ಮೋಡ—ಹೆಲಿಕಾಪ್ಟರ್ ಏಳುವಂತಿಲ್ಲ. ಅಮ್ಮ ಅವನ ರೂಮು ಗುಡಿಸಿದಳು. ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

“ಆಕಾಶದಿಂದ ನೋಡ್ತೀವಿ ಅಂತೀಯಲ್ಲೇ. ಅವನನ್ನ ನೋಡೋಕಾಗಲ್ವಾ?”

“ಮನುಷ್ಯರು ಕಾಣಲ್ಲಮ್ಮ. ಲೋಹ ಕಾಣುತ್ತೆ.”

ಜನವರಿ 13, ಮಧ್ಯಾಹ್ನ

ಗಡಿಯ ಬೆಟ್ಟದಾಚೆ ಹಿಮದ ನಡುವೆ ಒಂದು ಚುಕ್ಕೆ. ಮೊನ್ನೆ ಇರಲಿಲ್ಲ. ‘ಲೋಹ. ಹೊಸದು. ಶತ್ರುವಿನ ಕಡೆ.’ ಬರೆದು ಬಾಸ್‌ಗೆ ಕಳಿಸಿದೆ. ಫಿರಂಗಿಯವರು ಇಂಥದ್ದಕ್ಕೇ ಕಾಯುತ್ತಿದ್ದಾರೆ. ಹೊಡೆಯಲಿ ಅನ್ನಿಸಿತು. ಎರಡು ದಿನದಿಂದ ಯಾರ ಮೇಲೋ ಸಿಟ್ಟು...

ಸಂಜೆ

ಕ್ಯಾಂಟೀನಿನಲ್ಲಿ ಚೌಕದ ಸ್ಟೀಲ್ ತಟ್ಟೆ ಎತ್ತಿಕೊಂಡೆ. ಮಧ್ಯಾಹ್ನದ ಆ ಚುಕ್ಕೆ ಇದೇ ಆಗಿದ್ದರೆ? ಕಳೆದ ರಜೆಯಲ್ಲಿ ತಮ್ಮ ರೇಗಿಸಿದ್ದ—“ನಾನು ಕಳೆದುಹೋದ್ರೆ ಹುಡುಕ್ತೀಯಾ ಅಕ್ಕ?” ಮೂರು ತಟ್ಟೆಗಳನ್ನು ಪೆಟ್ಟಿಗೆಯ ಮೂಲೆಯ ಹಾಗೆ ಜೋಡಿಸಿ ತೋರಿಸಿದ್ದೆ. “ಇದನ್ನ ಆಕಾಶಕ್ಕೆ ಇಡು. ಎಂಥ ಮೋಡ ಇದ್ರೂ ರಾಡಾರ್‌ನಲ್ಲಿ ಫಳ್ ಅಂತೀಯ.”

ಇನ್ನೊಂದು ವಿಷಯ—ರಾಡಾರ್ ಚಿತ್ರದಲ್ಲಿ ಬೆಟ್ಟ ವಾಲುತ್ತದೆ. ಎತ್ತರದಲ್ಲಿರುವುದು ಉಪಗ್ರಹದ ಕಡೆಗೆ ಜಾರಿ ಕಾಣುತ್ತದೆ. ಗಡಿಯ ಈಚೆಯದು ಆಚೆ ಇದ್ದಂತೆ ಕಾಣಬಹುದು. ಕೆಲಸಕ್ಕೆ ಸೇರಿದಾಗ ಕಲಿಸುವ ಮೊದಲ ಪಾಠ. ಅವಸರದಲ್ಲಿ ಲೆಕ್ಕಕ್ಕೇ ಹಿಡಿಯಲಿಲ್ಲ ನಾನು.

ಓಡಿದೆ.

“ಸಾರ್, ಆ ರಿಪೋರ್ಟು—”

“ತಡಿ. ಟೀ ಕುಡೀತಿದೀನಿ.”

“ಮುಂದಕ್ಕೆ ಕಳಿಸಿಬಿಟ್ರಾ?”

“ಒಂದೇ ಕೋನದ ಚಿತ್ರ ನಂಬ್ಕೊಂಡಾ? ಇನ್ನೊಂದು ಬರ್ಲಿ ಅಂತ ಇಟ್ಕೊಂಡಿದೀನಿ.”

ಹೋದ ಜೀವ ಬಂತು. ಎಲ್ಲ ಹೇಳಿದೆ.

“ಹಾಗಿದ್ರೆ ನೀನು ನೋಡ್ಬೇಡ. ತಮ್ಮ ಅಂದ್ರೆ ನಿಂಗೆ ಕಲ್ಲೂ ಹೊಳೆಯುತ್ತೆ.” ಮುಂದಿನ ಚಿತ್ರವನ್ನು ಪಕ್ಕದ ಸೀಟಿನವಳಿಗೆ ಕೊಡುತ್ತಾರಂತೆ, ತಮ್ಮನ ವಿಷಯ ಹೇಳದೆ. ಸರಿ. ಅದೇ ಸರಿ.

ಜನವರಿ 14

ಕಾರಿಡಾರಿನಲ್ಲಿ ಕಾದೆ. ಪಕ್ಕದ ಸೀಟಿನವಳು ತಲೆ ಹೊರಹಾಕಿದಳು. “ನಿನ್ನ ಚುಕ್ಕೆ ಜರುಗಿದೆ ಕಣೇ. ಬೆಟ್ಟದ ಎತ್ತರ ಲೆಕ್ಕಕ್ಕೆ ಹಾಕಿ ನೋಡ್ದೆ, ನಮ್ಮ ಕಡೆ ಇಳಿಜಾರಲ್ಲಿದೆ. ಯಾರೋ ಬೇಕಂತಲೇ ಇಟ್ಟಿರೋ ಹಾಗಿದೆ... ಅಯ್ಯೋ, ಯಾಕೆ ಅಳ್ತಿದೀಯ?”

ತಡಿ ಸಾರ್ ಆಗಲೇ ಫೋನಿನಲ್ಲಿದ್ದರು. ಟೀ ಆರಿ ತಣ್ಣಗಾಗಿತ್ತು. ಮುಟ್ಟಿರಲಿಲ್ಲ.

ಜನವರಿ 16

ಮೋಡ ಸ್ವಲ್ಪ ಹೊತ್ತು ಸರಿಯಿತು. ಹೆಲಿಕಾಪ್ಟರ್‌ಗೆ ಅಷ್ಟೇ ಸಾಕಾಯಿತು. ಎಲ್ಲರೂ ಸಿಕ್ಕರು. ತಮ್ಮನ ಕಾಲ್ಬೆರಳು ಉಳಿಯುವುದು ಅನುಮಾನ. ಅವನಿದ್ದಾನೆ. ಇನ್ನೇನು ಬೇಕು.

ಫೆಬ್ರವರಿ 20

ತಮ್ಮ ಮನೆಯಲ್ಲಿದ್ದಾನೆ. ಕುಂಟುತ್ತಾನೆ, ಬಾಯಿ ಮಾತ್ರ ಓಡುತ್ತದೆ. ಮೂರರಲ್ಲಿ ಒಂದು ತಟ್ಟೆಯನ್ನು ಬ್ಯಾಗಿನಲ್ಲಿ ತಂದಿದ್ದಾನೆ. ಅಂಚು ಮಡಚಿ ತಂತಿ ಕಟ್ಟಿದ ಗುರುತು ಹಾಗೇ ಇದೆ. ನಾನು ಬರೆದ ರಿಪೋರ್ಟಿನ ಸಂಗತಿ ಅವನಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ. ಹೇಳುವಂತಿಲ್ಲ. ಅಮ್ಮ ನಿನ್ನೆ ಅಂದಳು—“ನಿಮ್ಮ ಉಪಗ್ರಹ ತಣ್ಣಗಿರ್ಲಿ.” ಉಪಗ್ರಹವಲ್ಲಮ್ಮ... ಒಂದು ಕಪ್ ಟೀ. ಈಗ ದಿನಾ ಸಾರ್‌ಗೆ ಟೀ ನಾನೇ ಒಯ್ಯುತ್ತೇನೆ. ಕಾರಣ ಅವರೂ ಕೇಳಿಲ್ಲ.

ಅಡುಗೆಮನೆಯಲ್ಲಿ ಏನೋ ಸದ್ದು. “ಒಳ್ಳೇ ತಟ್ಟೆಗೆ ಏನು ಗತಿ ಮಾಡಿದಾನೆ ನೋಡು! ನೆಟ್ಟಗೆ ಬಡಿದ್ರೆ ಸರಿಹೋಗುತ್ತೆ”—ಅಮ್ಮ. ಕೈಯಲ್ಲಿ ಸುತ್ತಿಗೆ. ತಡಿಯಮ್ಮ, ತಡಿ—