ಮಾತ್ರೆ ಬೇಡ ಅಂದ್ರು

ಅಪ್ಪ,

ಇವತ್ತು ಬುದ್ಧನ ಗುಡಿ ಹಜಾರಕ್ಕೆ ಮತ್ತೆ ಹಸಿ ಮೀನಿನ ಹುಳಕ್ಕೆ ಮಾತ್ರೆ ಕೊಡೋರು ಬಂದಿದ್ರು. ಹೊಟ್ಟೆ ಸ್ಕ್ಯಾನ್ ಮಾಡೋ ಮೆಷಿನ್ನೂ ತಂದಿದ್ರು. ನಿನ್ನ ತಮ್ಮ ಬುನ್‌ಲಾಯ್ ಚಿಕ್ಕಪ್ಪ ಬೆಳಿಗ್ಗೇನೇ ಚೀ ನದೀಲಿ ಬಲೆ ಹಾಕಿ ಕೂತಿದ್ದ. "ಮಧ್ಯಾಹ್ನ ಹೆಂಗೂ ಮಾತ್ರೆ ನುಂಗ್ತೀವಿ. ಇವತ್ತು ಹಸಿ ಮೀನು ತಿನ್ನದೇ ಇರೋನು ದಡ್ಡ ಕಣೋ" ಅಂತ ನಗಾಡ್ದ. ನೀನೂ ಹಂಗೇ ಅಂತಿದ್ದೆ.

ನಂಗೆ ಮಾತ್ರೆ ಕೊಟ್ರು. ಚಿಕ್ಕಪ್ಪನ್ನ ಡಾಕ್ಟ್ರಮ್ಮ ತುಂಬಾ ಹೊತ್ತು ಮಲಗಿಸ್ಕೊಂಡು ನೋಡಿದ್ರು. ಆಮೇಲೆ ಮೆತ್ತಗೆ, "ನಿಮಗೆ ಮಾತ್ರೆ ಬೇಡ ಯಜಮಾನ್ರೇ. ಮನೆಯೋರನ್ನ ಕರ್ಕೊಂಡು ಪಟ್ಟಣದ ದೊಡ್ಡಾಸ್ಪತ್ರೆಗೆ ಬನ್ನಿ" ಅಂದ್ರು.

ಚಿಕ್ಕಪ್ಪಂಗೆ ಮೊದಲನೇ ಮಾತಷ್ಟೇ ಸಾಕಾಯ್ತು. ದಾರೀಲಿ ಸಿಕ್ಕೋರಿಗೆಲ್ಲ, "ನನ್ನೊಳಗೆ ಒಂದು ಹುಳಾನೂ ಇಲ್ಲ, ಮಾತ್ರೇನೇ ಬೇಡ ಅಂದ್ರು" ಅಂತ ಹೇಳ್ಕೊಂಡು ಬಂದ.

ನಿಂಗೂ ಇದೇ ಮಾತು ಹೇಳಿದ್ರು. ನೀನೂ ಹೀಗೇ ಖುಷಿಯಾಗಿ ಮನೆಗೆ ಬಂದಿದ್ದೆ. ಭತ್ತ ಕೊಯ್ಯೋದ್ರೊಳಗೆ ನಿನ್ನ ಕಣ್ಣು ಹಳದಿ ಆಯ್ತು. ಲಿವರ್‌ನಲ್ಲಿ ಹುಳ ಕೂತ ಕಡೆ ಕ್ಯಾನ್ಸರ್ ಗಡ್ಡೆ ಬೆಳೆದ್ಮೇಲೆ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ ಅಂತ ನಮಗೆ ಆಗ ಗೊತ್ತಾಯ್ತು.

ಮನೇಲಿ ಚಿಕ್ಕಪ್ಪ ಹಸಿ ಮೀನು ಕೊಚ್ಚಿ, ನಿಂಬೆಹುಳಿ ಹಿಂಡಿ, ಖಾರ ಕಲಸಿ ನನ್ನ ಮುಂದಿಟ್ಟ. ನಾನು ದೊಡ್ಡಾಸ್ಪತ್ರೆ ಮಾತು ತೆಗೆದೆ.

"ಅಲ್ಲಿಗೆ ಹೋದ ನಿಮ್ಮಪ್ಪ ವಾಪಸ್ ಬಂದ್ನೇನೋ?" ಅಂದ.

ನಾನು ತಟ್ಟೆನ ಸ್ವಲ್ಪ ಆಚೆ ಸರಿಸ್ದೆ.

"ತಿನ್ನೋ. ನಿನ್ನೊಳಗೆ ಮಾತ್ರೆ ಇದೆ, ನನ್ನೊಳಗೆ ಹುಳ ಇಲ್ಲ. ಇನ್ನೇನು ಭಯ?"

ಅಂಟನ್ನದ ಉಂಡೆ ಮಾಡಿ, ಮೀನಲ್ಲಿ ಅದ್ದಿ ನನ್ನ ಕೈಗಿಟ್ಟ. ನಿನ್ನ ಥರಾನೇ ದೊಡ್ಡ ಉಂಡೆ ಮಾಡ್ತಾನೆ, ಅಪ್ಪ.

ತಿಂದೆ.